ಅಧ್ಯಕ್ಷರನ್ನು ಇಳಿಸಿದ ಮೇಲೆ ನಾವು ಬರೆದ ಸಂವಿಧಾನ

ಮಲೇಷ್ಯಾದಲ್ಲಿ ಒಂದು ಸಂಘ ನೋಂದಣಿಯಾಗಬೇಕಾದರೆ ಅದಕ್ಕೊಂದು ಸಂವಿಧಾನ ಇರಬೇಕು. ನಮ್ಮ ಕಡೆ ಬೈಲಾ ಎನ್ನುವುದನ್ನು ಇಲ್ಲಿಯ ಮಲಯ ಭಾಷೆಯಲ್ಲಿ ‘ಪೆರ್ಲೆಂಬಾಗಾನ್’ ಎನ್ನುತ್ತಾರೆ. ದೇಶದ ಸಂವಿಧಾನಕ್ಕೂ ಅದೇ ಪದ, ಬ್ಯಾಡ್ಮಿಂಟನ್ ಕ್ಲಬ್ಬಿನ ನಿಯಮಗಳಿಗೂ ಅದೇ ಪದ. ನಮ್ಮವರ ತಲೆ ಕೆಡಿಸಿದ್ದು ಈ ಪದವೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಬೈಲಾ ತಿದ್ದಬೇಕು ಎಂದಿದ್ದರೆ ಯಾರೋ ಇಬ್ಬರು ಕೂತು ಒಂದು ಮಧ್ಯಾಹ್ನದಲ್ಲಿ ಮುಗಿಸಿ ಎದ್ದು ಹೋಗುತ್ತಿದ್ದರು. ಸಂವಿಧಾನ ರಚಿಸಬೇಕು ಎಂದದ್ದೇ ತಡ, ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಚಡ್ಡಿ ತೊಟ್ಟು ಲ್ಯಾಪ್‌ಟಾಪಿನ ಮುಂದೆ ಕೂತ ಗಂಡಸರೆಲ್ಲ ಒಂದೇ ಸಂಜೆಯಲ್ಲಿ ರಾಷ್ಟ್ರನಿರ್ಮಾಪಕರಾಗಿಬಿಟ್ಟರು.

ನಾನು ಮೈಸೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದವಳು. ಗಂಡನ ಕಂಪನಿ ಅವರನ್ನು ಕೌಲಾಲಂಪುರಕ್ಕೆ ಕಳಿಸಿದಾಗ ಕೆಲಸ ಬಿಟ್ಟು ಮಾಂಟ್ ಕಿಯಾರಾ ಬಡಾವಣೆಯ ಒಂದು ಕಾಂಡೋ ಅಪಾರ್ಟ್‌ಮೆಂಟಿಗೆ ಬಂದೆ. ಕ್ರಾಂತಿಯ ನಂತರ ಸಂವಿಧಾನಗಳು ಹೇಗೆ ರಚನೆಯಾಗುತ್ತವೆ ಎಂಬ ಅಧ್ಯಾಯವನ್ನು ವರ್ಷ ವರ್ಷವೂ ಹುಡುಗರಿಗೆ ಹೇಳಿದ್ದೇನೆ: ಜನ ದಂಗೆಯೇಳುತ್ತಾರೆ, ದೊರೆ ಓಡುತ್ತಾನೆ, ಪ್ರತಿನಿಧಿಗಳು ಸೇರುತ್ತಾರೆ, ತತ್ವಗಳ ಮೇಲೆ ಚರ್ಚೆಯಾಗುತ್ತದೆ, ಹೊಸ ಸಂವಿಧಾನ ಹುಟ್ಟುತ್ತದೆ. ಎಷ್ಟು ಚೊಕ್ಕಟ! ಅದು ನಿಜಕ್ಕೂ ಹೇಗೆ ನಡೆಯುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಕೊರೋನಾ ಕಾಲದಲ್ಲಿ, ಇಲ್ಲಿಯ ನಮ್ಮ ಕನ್ನಡ ಸಂಘದಲ್ಲಿ.

ಸಂಘದ ಅಧ್ಯಕ್ಷರು ಬೆಂಗಳೂರಿನವರು. ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ. ಸಂಘ ಹುಟ್ಟಿದಾಗಿನಿಂದ ಅವರೇ ಅಧ್ಯಕ್ಷರು. ಪ್ರತಿ ಚುನಾವಣೆಯಲ್ಲೂ “ಬೇರೆ ಯಾರೂ ಮುಂದೆ ಬರ್ತಿಲ್ವಲ್ಲ, ಏನ್ ಮಾಡೋದು” ಎಂದು ನಿಟ್ಟುಸಿರು ಬಿಟ್ಟು ತಾವೇ ಮುಂದೆ ಬರುತ್ತಿದ್ದರು. ರಾಜ್ಯೋತ್ಸವದ ದಿನ ಮೈಸೂರು ಪೇಟ ತೊಟ್ಟು ವೇದಿಕೆ ಹತ್ತಿದರೆ ಇಳಿಸುವುದೇ ಕಷ್ಟ. ಅವರ ಭಾಷಣದಲ್ಲಿ ‘ನಾನು’ ಎಂಬುದೊಂದೇ ಶುದ್ಧ ಕನ್ನಡದಲ್ಲಿರುತ್ತಿತ್ತು.

ಆ ವರ್ಷ ಯುಗಾದಿ ಊಟಕ್ಕೆಂದು ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ ಎಲ್ಲ ತಂದು ಸಂಘದ ಸ್ಟೋರಿನಲ್ಲಿ ಇಟ್ಟಾಗಿತ್ತು. ಹಬ್ಬಕ್ಕೆ ಇನ್ನೇನು ವಾರ ಇದೆ ಎನ್ನುವಾಗ ಲಾಕ್‌ಡೌನ್ ಆಯಿತು. ಮನೆಗೊಬ್ಬರು ಮಾತ್ರ ಹೊರಗೆ ಹೋಗಿ ಸಾಮಾನು ತರಬಹುದು, ಅದೂ ಹತ್ತಿರದ ಅಂಗಡಿಯಿಂದ. ರಸ್ತೆಗಳಲ್ಲಿ ಪೊಲೀಸರು ಬ್ಯಾರಿಕೇಡ್ ಹಾಕಿ ನಿಂತರು. ಯುಗಾದಿಯ ಅಕ್ಕಿ ಸ್ಟೋರಿನಲ್ಲೇ ಉಳಿಯಿತು.

ಅದೇ ಹೊತ್ತಿಗೆ ಕ್ಲಾಂಗ್‌ನಿಂದ ಸುದ್ದಿ ಬಂತು. ಅಲ್ಲಿಯ ಬಂದರಿನಲ್ಲಿ ಸರಕು ಸಾಗಣೆ ಕಂಪನಿಯೊಂದರ ಮ್ಯಾನೇಜರ್ ಆಗಿದ್ದ ಹುಬ್ಬಳ್ಳಿಯವರೊಬ್ಬರು ನಮ್ಮ ಸದಸ್ಯರು. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ಅಭಿಪ್ರಾಯಗಳು, ಯಾರಿಗೂ ಹೆದರದ ಬಾಯಿ. ಬಂದರು ಮುಚ್ಚದ ಕಾರಣ ಅವರಿಗೆ ಓಡಾಡಲು ಅನುಮತಿ ಇತ್ತು. ಅವರ ಆಫೀಸಿನ ಹತ್ತಿರ ಒಂದು ಹೋಟೆಲು ಮುಚ್ಚಿ, ಅದರ ಅಡುಗೆಯವರು ಮೇಲಿನ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದರು. ಎಲ್ಲ ಕುಂದಾಪುರ, ಬೈಂದೂರು ಕಡೆಯವರು. ಸಾಹುಕಾರ ಫೋನ್ ಎತ್ತುವುದನ್ನು ನಿಲ್ಲಿಸಿದ್ದ. ಊರಿಗೆ ವಿಮಾನ ಇಲ್ಲ, ಕೈಯಲ್ಲಿ ಕೆಲಸ ಇಲ್ಲ.

ಅಧ್ಯಕ್ಷರು ಜೂಮ್‌ನಲ್ಲಿ ಸಭೆ ಕರೆದರು. ಆನ್‌ಲೈನ್ ರಂಗೋಲಿ ಸ್ಪರ್ಧೆಯ ಬಗ್ಗೆ ಮಾತು ಮುಗಿದ ಮೇಲೆ ಹುಬ್ಬಳ್ಳಿಯವರು ಬಾಯಿ ಬಿಟ್ಟರು.

“ಸರ, ಸ್ಟೋರಿನ್ಯಾಗ ಅಕ್ಕಿ ಐತಿ, ಬ್ಯಾಳಿ ಐತಿ. ಇಲ್ಲೆ ನಮ್ಮ ಮಂದಿ ನೂಡಲ್ಸ್ ತಿಂದ್ಕೋತ ಕುಂತಾರ. ಕೀಲಿ ಕೊಡ್ರಿ, ನಾ ಒಯ್ದು ಕೊಡ್ತೀನಿ.”

“ನೋಡಿ, ಫೀಲಿಂಗ್ಸ್ ಎಲ್ರಿಗೂ ಇದೆ. ಬಟ್ ಅವ್ರು ಮೆಂಬರ್ಸ್ ಅಲ್ಲ. ನಮ್ಮ ಕಾನ್‌ಸ್ಟಿಟ್ಯೂಶನ್ ಪ್ರಕಾರ ಸಂಘದ ಪ್ರಾಪರ್ಟಿ ಮೆಂಬರ್ಸ್‌ಗೆ ಮಾತ್ರ. ರೂಲ್ ಅಂದ್ರೆ ರೂಲ್ ಲಾ.” ಮಾತಿನ ಕೊನೆಗೆ ಮಲೇಷ್ಯಾದವರ ‘ಲಾ’ ಸೇರಿಸುವುದು ಅವರಿಗೆ ರೂಢಿಯಾಗಿತ್ತು.

“ಅಕ್ಕಿ ಪ್ರಾಪರ್ಟಿ ಏನ್ರೀ? ಇನ್ನೊಂದು ತಿಂಗಳಾದ್ರ ಅದಕ್ಕ ಹುಳ ಬೀಳ್ತಾವ. ಹುಳಕ್ಕೂ ಮೆಂಬರ್‌ಶಿಪ್ ಕೊಡ್ತೀರೇನು?”

ಯಾರೋ ನಕ್ಕರು. ಅಧ್ಯಕ್ಷರ ಮುಖ ಕೆಂಪಾಯಿತು. ಮೀಟಿಂಗಿನ ಹೋಸ್ಟ್ ಅವರೇ ಆದ್ದರಿಂದ ಒಂದು ಬಟನ್ ಒತ್ತಿ ಎಲ್ಲರ ಬಾಯಿ ಮುಚ್ಚಿಸಿದರು. ಪರದೆಯ ತುಂಬ ಚೌಕ ಚೌಕಗಳಲ್ಲಿ ಜನ ಸದ್ದಿಲ್ಲದೆ ಕೂಗಾಡುತ್ತಿದ್ದರು. ಅಧ್ಯಕ್ಷರು ಸಂಘದ ಶಿಸ್ತಿನ ಬಗ್ಗೆ ಮಾತು ಮುಂದುವರಿಸಿದರು.

ಆಗ ಚಾಟ್‌ನಲ್ಲಿ ಒಂದು ಲಿಂಕ್ ಬಿತ್ತು. ಹಾಕಿದವರು ಮೆಲಾಕಾದ ಡಾಕ್ಟರು. ಮಣಿಪಾಲದಲ್ಲಿ ಓದಿ, ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಬೆನ್ನ ಹಿಂದೆ ಪುಸ್ತಕದ ಕಪಾಟು ಕಾಣುವಂತೆಯೇ ಯಾವಾಗಲೂ ಕ್ಯಾಮೆರಾ ಇಡುತ್ತಿದ್ದರು. ‘ಎಲ್ಲರೂ ಇಲ್ಲಿಗೆ ಬನ್ನಿ’ ಎಂದು ಬರೆದಿದ್ದರು. ಚೌಕಗಳು ಒಂದೊಂದಾಗಿ ಮಾಯವಾಗತೊಡಗಿದವು. ಕೊನೆಗೆ ಅಧ್ಯಕ್ಷರು, ಅವರ ಹೆಂಡತಿ, ಖಜಾಂಚಿ ಮತ್ತು ನಾನು ಉಳಿದೆವು. ಅಧ್ಯಕ್ಷರು ಇನ್ನೂ ಮಾತಾಡುತ್ತಲೇ ಇದ್ದರು. ಅವರ ಹೆಂಡತಿ ಬೇರೆ ಕೋಣೆಯಿಂದ ಬಂದು ಅವರ ಭುಜ ಮುಟ್ಟಿದ್ದನ್ನು ನೋಡಿ ನಾನೂ ಹೊಸ ಲಿಂಕಿಗೆ ಹೋದೆ.

ಅಲ್ಲಿ ಹಳೆಯ ಅಧ್ಯಕ್ಷರನ್ನು ಇಳಿಸಿ, ಹಳೆಯ ಸಂವಿಧಾನವನ್ನು ರದ್ದು ಮಾಡಿ, ಡಾಕ್ಟರು ಆಗಲೇ ಹಂಗಾಮಿ ಅಧ್ಯಕ್ಷರಾಗಿದ್ದರು. “ಇದು ಸಣ್ಣ ವಿಷಯ ಅಲ್ಲ ಮಾರಾಯ್ರೆ, ಇದು ಕ್ರಾಂತಿ” ಎನ್ನುತ್ತಿದ್ದರು. ಕ್ರಾಂತಿ! ಸೋಫಾದಿಂದ ಏಳದೆ, ಚಹಾ ಆರುವುದರೊಳಗೆ ಮುಗಿದ ಕ್ರಾಂತಿ.

ಮರುದಿನ ಖಜಾಂಚಿ ಸ್ಟೋರಿನ ಕೀಲಿಯ ಸಮೇತ ಈ ಕಡೆಗೆ ಹಾರಿದ. ಹುಬ್ಬಳ್ಳಿಯವರು ಅಕ್ಕಿ ಬೇಳೆ ಒಯ್ದು ಕೊಟ್ಟರು. ಅಡುಗೆಯವರು ಚೀಲಗಳ ಜೊತೆ ನಿಂತ ಫೋಟೊ ಸಂಘದ ವಾಟ್ಸಾಪ್ ಗುಂಪಿಗೆ ಬಂತು. ಸಂಜೆ ಅದೇ ಫೋಟೊ ಮತ್ತೆ ಬಂದಾಗ ಮೇಲೆ ಸಂಘದ ಲಾಂಛನ, ಮೂಲೆಯಲ್ಲಿ ಕೈಮುಗಿದು ನಗುತ್ತಿರುವ ಡಾಕ್ಟರು. ಅವರು ಮೆಲಾಕಾ ಬಿಟ್ಟು ಕದಲಿರಲಿಲ್ಲ. ಹಳೆಯ ಅಧ್ಯಕ್ಷರಾಗಿದ್ದರೆ ತಮ್ಮ ಫೋಟೊವನ್ನು ನಡುವೆ ಹಾಕಿಸುತ್ತಿದ್ದರು. ಕ್ರಾಂತಿಯಿಂದ ಅಷ್ಟು ಸುಧಾರಣೆಯಾಯಿತು.

ಇನ್ನು ಹೊಸ ಸಂವಿಧಾನ. ಕರಡು ಸಮಿತಿಗೆ ಡಾಕ್ಟರು, ಹುಬ್ಬಳ್ಳಿಯವರು, ಒಬ್ಬ ಪ್ರಾಜೆಕ್ಟ್ ಮ್ಯಾನೇಜರ್, ರಾಜ್ಯಶಾಸ್ತ್ರ ಓದಿಸಿದವಳು ಎಂದು ನಾನು. ಪ್ರಾಜೆಕ್ಟ್ ಮ್ಯಾನೇಜರಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಆದರೂ ಕರಡಿನ ಪ್ರತಿ ಸಾಲಿಗೂ ಬಣ್ಣ ಬಳಿದು, ಮುಗಿದದ್ದಕ್ಕೆ ಹಸಿರು, ಬಾಕಿ ಇರುವುದಕ್ಕೆ ಕೆಂಪು ಎಂದು ತೋರಿಸುತ್ತಿದ್ದರು.

ಮೊದಲ ವಾಕ್ಯ ‘ಮಲೇಷ್ಯಾದ ಕನ್ನಡಿಗರಾದ ನಾವು’ ಎಂದು. ಅದರಲ್ಲೇ ಎಷ್ಟೋ ಭಾನುವಾರಗಳು ಹೋದವು. ಕನ್ನಡಿಗ ಎಂದರೆ ಯಾರು? ಮನೆಯಲ್ಲಿ ತುಳು ಆಡುವವರು? ಕೊಂಕಣಿಯವರು? ಬೆಂಗಳೂರಿನಲ್ಲಿ ಹುಟ್ಟಿದ ತಮಿಳರು? ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಮ್ಮ ಮಕ್ಕಳು? ಡಾಕ್ಟರೇ ಮನೆಯಲ್ಲಿ ಕೊಂಕಣಿ ಮಾತಾಡುವವರು. ಅವರು ‘ಕನ್ನಡದ ಮೇಲೆ ಅಭಿಮಾನವುಳ್ಳ’ ಎಂದು ಸೇರಿಸಿದರು. ಅಭಿಮಾನವನ್ನು ಅಳೆಯುವವರು ಯಾರು ಎಂದೆ. ಕಾರ್ಯಕಾರಿ ಸಮಿತಿ ಎಂದರು.

ಊಟದ ಮೇಜಿನ ಆ ತುದಿಯಲ್ಲಿ ಆನ್‌ಲೈನ್ ಕ್ಲಾಸು ಮುಗಿಸಿ ಕೂತಿದ್ದ ನನ್ನ ಮಗಳು ಒಂದು ದಿನ ಕೇಳಿದಳು: “ಅಮ್ಮ, ಆರ್ ಯು ಗೈಸ್ ಮೇಕಿಂಗ್ ಎ ಕಂಟ್ರಿ?”

“ಇಲ್ಲ, ಸಂಘ.”

“ದೆನ್ ವೈ ಈಸ್ ದಟ್ ಅಂಕಲ್ ಶೌಟಿಂಗ್ ಅಬೌಟ್ ಡಿಕ್ಟೇಟರ್ಸ್?”

ಆ ಅಂಕಲ್ ಎಂದರೆ ಡಾಕ್ಟರು. ಅವರಿಗೆ ಮಾತೆತ್ತಿದರೆ ಹಳೆಯ ಅಧ್ಯಕ್ಷರದೇ ನೆನಪು. ತತ್ವಗಳ ಚರ್ಚೆ ಎಂದು ನಾನು ಹುಡುಗರಿಗೆ ಪಾಠ ಮಾಡಿದ್ದೆನಲ್ಲ, ಅಂಥದ್ದು ಇಲ್ಲಿ ನಡೆಯಲೇ ಇಲ್ಲ. ಪ್ರತಿ ಕಲಮಿನ ಹಿಂದೆಯೂ ಒಬ್ಬನೇ ಮನುಷ್ಯ ನಿಂತಿದ್ದ, ತಲೆಯ ಮೇಲೆ ಪೇಟ ಇಟ್ಟುಕೊಂಡು. ಒಬ್ಬರು ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಬಾರದು: ಅವರು ಆಗಿದ್ದರು. ಗಂಡ ಹೆಂಡತಿ ಇಬ್ಬರೂ ಸಮಿತಿಯಲ್ಲಿರಬಾರದು: ಅವರಿಬ್ಬರೂ ಇದ್ದರು. ಆನ್‌ಲೈನ್ ಸಭೆಯಲ್ಲಿ ಯಾರೂ ಯಾರ ಮೈಕನ್ನೂ ಮುಚ್ಚಬಾರದು: ಅದನ್ನೂ ಬರೆದೆವು. ಎಲ್ಲ ಕ್ರಾಂತಿಕಾರಿಗಳೂ ಹೀಗೆಯೇ ಬರೆದಿರಬೇಕು ಎಂದು ಆಗ ನನಗೆ ಹೊಳೆಯಿತು. ಮುಂದೆ ಬರುವವರಿಗಾಗಿ ಬರೆಯುತ್ತೇವೆ ಎಂದುಕೊಳ್ಳುತ್ತಾರೆ. ಬರೆಯುವುದು ಹಿಂದೆ ಹೋದವನ ಮೇಲಿನ ಸಿಟ್ಟಿನಲ್ಲಿ.

ಆ ಸಿಟ್ಟಿನ ನಡುವೆಯೂ ಡಾಕ್ಟರು ತಮ್ಮ ಅನುಕೂಲ ಮರೆಯಲಿಲ್ಲ. ‘ಹಂಗಾಮಿ ಅಧ್ಯಕ್ಷರ ಅವಧಿಯನ್ನು ಮೇಲಿನ ಮಿತಿಗೆ ಪರಿಗಣಿಸತಕ್ಕದ್ದಲ್ಲ’ ಎಂಬ ಸಾಲು ಒಂದು ಭಾನುವಾರ ಕರಡಿನಲ್ಲಿ ಕಾಣಿಸಿಕೊಂಡಿತು. ಯಾರು ಹಾಕಿದ್ದು ಎಂದು ನಾನು ಕೇಳಿದೆ. “ಅದು ಟೆಕ್ನಿಕಲ್ ವಿಷಯ ಮೇಡಂ” ಎಂದರು. ಪ್ರಾಜೆಕ್ಟ್ ಮ್ಯಾನೇಜರ್ ಅದಕ್ಕೆ ಹಸಿರು ಬಣ್ಣ ಬಳಿದರು.

ಇಷ್ಟರಲ್ಲಿ ಕ್ಲಾಂಗ್‌ನವರ ಅಕ್ಕಿ ಮುಗಿಯಿತು. ಹುಬ್ಬಳ್ಳಿಯವರು ಸ್ಟೋರಿನಲ್ಲಿ ಉಳಿದದ್ದನ್ನು ಕೇಳಿದರು.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ಕೊಡ್ಬಾರ್ದು ಅಂತಲ್ಲ. ಆದ್ರೆ ನಮಗೆ ಅಧಿಕಾರ ಎಲ್ಲುಂಟು ಹೇಳಿ? ಹಳೇ ಕಾನ್‌ಸ್ಟಿಟ್ಯೂಶನ್ ರದ್ದು ಮಾಡಿದ್ದೇವೆ, ಹೊಸದು ಪಾಸಾಗ್ಲಿಲ್ಲ. ಈಗ ಕೊಟ್ರೆ ನಾಳೆ ಯಾರಾದ್ರೂ ಪ್ರಶ್ನೆ ಮಾಡ್ಲಿಕ್ಕುಂಟು.”

“ಮೊನ್ನೆ ಕೊಟ್ಟಾಗ ಅಧಿಕಾರ ಎಲ್ಲಿತ್ರೀ?”

“ಅದು ಕ್ರಾಂತಿಯ ಸಂದರ್ಭ.”

“ಅಂದ್ರ ಅವರು ಹೊಟ್ಟೀಗೆ ತಿನ್ನಬೇಕಂದ್ರ ನಾವು ತಿಂಗಳಿಗೊಮ್ಮೆ ಕ್ರಾಂತಿ ಮಾಡಬೇಕೇನು?” ಹುಬ್ಬಳ್ಳಿಯವರ ದನಿಗೆ ನನ್ನ ಲ್ಯಾಪ್‌ಟಾಪಿನ ಸ್ಪೀಕರು ಒಡೆಯುವಂತಾಯಿತು.

ಅಂದು ಸಂಜೆ ನಾನೇ ಅವರಿಗೆ ಫೋನ್ ಮಾಡಿದೆ. ಸಂಘದ ಹೆಸರು ಬೇಡ, ನಾವು ನಾಲ್ಕಾರು ಮನೆಯವರು ಸೇರಿ ಕಳಿಸೋಣ ಎಂದೆ. “ಹೂಂ ಮೇಡಂ, ಅದ ಛಲೋ. ಇವರ ಕರಡು ಹಿಡ್ಕೊಂಡು ಕುಂತ್ರ ಅಲ್ಲೆ ಮಂದಿ ಒಣಗಿ ಹೋಗ್ತಾರ” ಎಂದರು. ನನ್ನ ಗಂಡ ಡೆಲಿವರಿ ಆ್ಯಪಿನಲ್ಲಿ ಕ್ಲಾಂಗ್‌ನ ತಮಿಳು ಮಳಿಗೆಯೊಂದರಿಂದ ಅಕ್ಕಿ, ತೆಂಗಿನಕಾಯಿ, ಹುಣಸೆ ತರಿಸಿಕೊಟ್ಟರು. ಇದಕ್ಕೆ ಯಾವ ಕಲಮೂ ಬೇಕಾಗಲಿಲ್ಲ. ಮುಂದೆ ವಿಮಾನಗಳು ಶುರುವಾದಾಗ ಅಡುಗೆಯವರಲ್ಲಿ ಹೆಚ್ಚಿನವರು ಊರಿಗೆ ಹೋದರು. ಇಬ್ಬರು ಇಲ್ಲೇ ಬೇರೆ ಕಡೆ ಕೆಲಸ ಹಿಡಿದು ಉಳಿದರು.

ಸಂವಿಧಾನ ಮಾತ್ರ ಮುಗಿಯಲಿಲ್ಲ. ನಾನು ಅದಕ್ಕೆ ಒಂದೇ ಒಂದು ಕಲಮು ಬರೆದುಕೊಟ್ಟಿದ್ದೆ: ‘ಕಷ್ಟದಲ್ಲಿರುವ ಕನ್ನಡಿಗರು, ಸದಸ್ಯರಾಗಿರಲಿ ಇಲ್ಲದಿರಲಿ, ಕೇಳಿದರೆ ಸಂಘ ನೆರವಾಗಬೇಕು.’ ಇಡೀ ಗಲಾಟೆ ಶುರುವಾದದ್ದೇ ಅದಕ್ಕಾಗಿ ಎಂದು ನಂಬಿದ್ದೆ. ಮೊದಲು ‘ನೆರವಾಗಬೇಕು’ ಎನ್ನುವುದು ‘ನೆರವಾಗಬಹುದು’ ಆಯಿತು. ಆಮೇಲೆ ‘ಸಂಪನ್ಮೂಲಗಳ ಲಭ್ಯತೆಗೆ ಒಳಪಟ್ಟು’ ಬಂತು. ‘ಕಾರ್ಯಕಾರಿ ಸಮಿತಿಯ ಪೂರ್ವಾನುಮತಿಯೊಂದಿಗೆ’ ಬಂತು. ‘ಕಷ್ಟ’ ಎಂದರೆ ಏನು ಎಂದು ಚರ್ಚೆಯಾಗಿ, ಅದು ‘ಸಮಿತಿಯು ಆಪತ್ತೆಂದು ಘೋಷಿಸಿದ ಸಂದರ್ಭ’ವಾಯಿತು. ಕೊನೆಗೆ ನನ್ನ ವಾಕ್ಯದಲ್ಲಿ ನನ್ನದೆಂದು ಉಳಿದದ್ದು ‘ಕನ್ನಡಿಗರು’ ಎಂಬ ಪದವೊಂದೇ, ಅದಕ್ಕೂ ಅಭಿಮಾನದ ಬಾಲ ಅಂಟಿಸಿದ್ದರು.

ಆ ಕಲಮನ್ನು ಓದಿದ ದಿನ ಹುಬ್ಬಳ್ಳಿಯವರು ಸಮಿತಿಗೂ ಸಂಘಕ್ಕೂ ರಾಜೀನಾಮೆ ಕೊಟ್ಟರು. “ಹಳೇ ಸಾಹೇಬ್ರು ಮಾರಿಗೆ ಮಾರಿ ಕೊಟ್ಟು ಇಲ್ಲ ಅಂದ್ರು. ನೀವು ಹೂಂ ಅನ್ಕೋತ ಇಲ್ಲ ಅನ್ನಾಕ ಹತ್ತೀರಿ. ಅವರಽ ಛಲೋ ಇದ್ರು” ಎಂದು ಕ್ಯಾಮೆರಾ ಆರಿಸಿದರು. ಡಾಕ್ಟರು “ಭಾವುಕ ಮನುಷ್ಯ” ಎಂದು ಮುಂದಿನ ಕಲಮಿಗೆ ಹೋದರು.

ನಾನೇಕೆ ಬಿಡಲಿಲ್ಲ? ಕೊನೆಯವರೆಗೆ ನೋಡಬೇಕೆಂಬ ಹಟ. ತರಗತಿಯಲ್ಲಿ ಸುಳ್ಳು ಹೇಳಿಕೊಟ್ಟ ಅಧ್ಯಾಯದ ನಿಜವಾದ ಕೊನೆ ಏನು ಎಂಬ ಕುತೂಹಲ. ಆ ಕೊನೆ ನನ್ನ ಊಹೆಗಿಂತ ಚೆನ್ನಾಗಿತ್ತು.

ಕರಡು ಸಿದ್ಧವಾದ ಮೇಲೆ ಒಂದು ಸಂಗತಿ ಗೊತ್ತಾಯಿತು. ಸರ್ಕಾರದ ದಾಖಲೆಯಲ್ಲಿ ಸಂಘದ ಅಧ್ಯಕ್ಷರು ಇನ್ನೂ ಹಳೆಯವರೇ. ಸಂವಿಧಾನ ಬದಲಾಯಿಸುವ ಅರ್ಜಿಗೆ ಅವರ ಸಹಿಯೇ ಬೇಕು! ಯಾರಿಂದ ಜನರನ್ನು ಬಿಡುಗಡೆ ಮಾಡಿದೆವೋ ಅವರಿಂದಲೇ ಬಿಡುಗಡೆಯ ಪತ್ರಕ್ಕೆ ಸಹಿ. ಡಾಕ್ಟರು ಮುಖಕ್ಕೆ ಎರಡು ಮಾಸ್ಕ್ ಹಾಕಿಕೊಂಡು, ಮೆಲಾಕಾದಿಂದ ಮಾಂಟ್ ಕಿಯಾರಾಕ್ಕೆ ಕಾರು ಓಡಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಹಳೆಯ ಅಧ್ಯಕ್ಷರ ಮನೆಗೆ ಹೋದರು. ಮುಂದಿನ ಭಾನುವಾರ ಕರಡಿನಲ್ಲಿ ಹೊಸ ಕಲಮು: ‘ಸಂಘಕ್ಕೆ ಒಬ್ಬರು ಮಹಾಪೋಷಕರು ಇರತಕ್ಕದ್ದು. ಸದರಿ ಸ್ಥಾನವು ಆಜೀವ ಇರತಕ್ಕದ್ದು.’ ಸರ್ವಾಧಿಕಾರಿಗಳ ಬಗ್ಗೆ ಕೂಗಾಡುತ್ತಿದ್ದ ಅದೇ ಬಾಯಿ ಈಗ “ಹಿರಿಯರ ಅನುಭವ ನಮಗೆ ಬೇಕಲ್ಲ ಮಾರಾಯ್ರೆ” ಎಂದಿತು.

ಕೊರೋನಾದ ಅಲೆಯ ಮೇಲೆ ಅಲೆ ಬಂದು ಮುಂದೂಡಿ ಮುಂದೂಡಿ, ಕೊನೆಗೆ ಮರುವರ್ಷ ನಿರ್ಬಂಧ ಸಡಿಲಾದ ಮೇಲೆ, ಕಾಂಡೋ ಒಂದರ ಸಭಾಂಗಣದಲ್ಲಿ ಅಂಗೀಕಾರದ ಸಭೆ ನಡೆಯಿತು. ದೂರ ದೂರ ಕುರ್ಚಿ ಹಾಕಿದ್ದರು. ನಾನು ಕೈ ತೊಳೆಯಲು ಸಭಾಂಗಣದ ಹಿಂಬದಿಗೆ ಹೋದಾಗ ಅಲ್ಲಿ ಕ್ಲಾಂಗ್‌ನ ಅಡುಗೆಯವರಲ್ಲಿ ಇಲ್ಲೇ ಉಳಿದಿದ್ದ ಇಬ್ಬರನ್ನು ಕಂಡೆ. ಫೋಟೊದಲ್ಲಿ ನೋಡಿದ್ದ ಮುಖಗಳು. ಸಭೆಯ ಊಟದ ಗುತ್ತಿಗೆ ಅವರ ಹೊಸ ಹೋಟೆಲಿಗೆ ಸಿಕ್ಕಿತ್ತು. ನನ್ನ ಪರಿಚಯ ಹೇಳಿಕೊಂಡೆ.

“ಓ, ಹುಣ್ಸೆಹಣ್ಣು ಕಳ್ಸಿದ ಅಕ್ಕ!” ಎಂದು ದೊಡ್ಡವನು ನಕ್ಕ. “ಒಳಗೆ ಎಂತ ಆಗ್ತಾ ಉಂಟು?”

“ಸಂವಿಧಾನ ಪಾಸು ಮಾಡ್ತಿದ್ದಾರೆ. ನಿಮ್ಮಂಥವರಿಗೆ ಸಹಾಯ ಮಾಡೋ ವಿಚಾರಾನೂ ಇದೆ.”

“ಹೌದಾ? ಮಾಡ್ಲಿ ಮಾಡ್ಲಿ. ಸ್ವಲ್ಪ ಬೇಗ ಮುಗ್ಸ್ಲಿಕ್ಕೆ ಹೇಳಿ ಅಕ್ಕ, ಬಿಸಿಬೇಳೆಬಾತ್ ಗಟ್ಟಿ ಆಗ್ತದೆ.”

ಒಳಗೆ ಬಂದೆ. ಪ್ರಾಜೆಕ್ಟ್ ಮ್ಯಾನೇಜರ್ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡ ಕನ್ನಡದ ಕರಡನ್ನು ಓದುತ್ತಿದ್ದರು. ಒಪ್ಪುವವರು ಕೈ ಎತ್ತಿ ಎಂದಾಗ ಸಾಲು ಸಾಲು ಕೈಗಳು ಎದ್ದವು. ವಿರುದ್ಧ ಇರುವವರು ಎಂದಾಗ ನಾನೊಬ್ಬಳೇ ಎತ್ತಿದೆ. ಕರಡು ಬರೆದವಳೇ ವಿರುದ್ಧ ಮತ ಹಾಕಿದ್ದು ಕಂಡು ಜನ ಕತ್ತು ತಿರುಗಿಸಿ ನೋಡಿದರು. ಡಾಕ್ಟರು “ಮೇಡಂ ಕೈ ತಪ್ಪಿ ಎತ್ತಿರ್ಬೇಕು” ಎಂದರು. “ತಪ್ಪಿ ಎತ್ತಿಲ್ಲ” ಎಂದೆ. “ಬರ್ಕೊಳ್ಳಿ, ಸರ್ವಾನುಮತದಿಂದ” ಎಂದರು ಅವರು. ವೇದಿಕೆಯ ಮೇಲೆ ಮಹಾಪೋಷಕರಿಗೆ ಪೇಟ ತೊಡಿಸಿದರು. ಡಾಕ್ಟರಿಗೂ ಒಂದು ತೊಡಿಸಿದರು. ನಾನು ಊಟ ಮಾಡಿ, ಅಡುಗೆಯವರಿಗೆ ಚೆನ್ನಾಗಿತ್ತು ಎಂದು ಹೇಳಿ ಮನೆಗೆ ಬಂದೆ. ಮತ್ತೆ ಸಂಘದ ಕಡೆ ತಲೆ ಹಾಕಲಿಲ್ಲ.

ಆ ವರ್ಷದ ಕೊನೆಯಲ್ಲಿ ಬಿಡದೆ ಮಳೆ ಸುರಿದು ಕ್ಲಾಂಗ್ ಕಡೆಯ ಬಡಾವಣೆಗಳಿಗೆಲ್ಲ ನೀರು ನುಗ್ಗಿತು. ಹುಬ್ಬಳ್ಳಿಯವರದು ಒಂದಂತಸ್ತಿನ ಸಾಲುಮನೆ. ಗಂಡ ಹೆಂಡತಿ ಮಕ್ಕಳು ಎದುರು ಮನೆಯ ಮಹಡಿಯಲ್ಲಿ ಆಶ್ರಯ ಪಡೆದರು. ನೀರು ಇಳಿಯುವಷ್ಟರಲ್ಲಿ ಮನೆಯೊಳಗಿನ ಸಾಮಾನೆಲ್ಲ ಹಾಳಾಗಿತ್ತು.

ಆಗ ನನಗೆ ಡಾಕ್ಟರ ಫೋನ್ ಬಂತು.

“ಮೇಡಂ, ಒಂದು ಸಣ್ಣ ಇಂಟರ್‌ಪ್ರಿಟೇಶನ್ ಬೇಕಿತ್ತು. ಕ್ಲಾಂಗ್‌ನಲ್ಲಿ ನಮ್ಮ ಹುಬ್ಬಳ್ಳಿಯವರ ಮನೆ ಮುಳುಗಿದೆ, ಗೊತ್ತುಂಟಲ್ಲ? ಎಲ್ರಿಗೂ ಸಹಾಯ ಮಾಡುವ ಅಂತ ಉಂಟು. ಆದ್ರೆ ಅವ್ರು ಈಗ ಮೆಂಬರ್ ಅಲ್ಲ. ಆ ಕಲಮಿನಲ್ಲಿ ‘ಆಪತ್ತು’ ಅಂತ ನಾವು ಘೋಷಣೆ ಮಾಡ್ಬೇಕಲ್ಲ, ಅದಕ್ಕೆ ಕಾರ್ಯಕಾರಿ ಸಮಿತಿ ಕೋರಂ ಬೇಕು. ಕ್ರಿಸ್‌ಮಸ್ ರಜೆ, ಅರ್ಧ ಜನ ಊರಲ್ಲಿಲ್ಲ. ನಾನು ಒಬ್ಬನೇ ಘೋಷಿಸಿದ್ರೆ ನಡೀತದಾ?”

ನನಗೆ ಸಿಟ್ಟೂ ಬರಲಿಲ್ಲ. ಈ ಮನುಷ್ಯ ಕೆಟ್ಟವನಲ್ಲ ಎಂಬುದೇ ಅಸಹ್ಯ ಹುಟ್ಟಿಸಿತು. ಅವರಿಗೆ ನಿಜವಾಗಿಯೂ ಸಹಾಯ ಮಾಡುವ ಮನಸ್ಸಿತ್ತು. ತಮ್ಮ ಕೈಯಾರೆ ಬರೆದ ವಾಕ್ಯವನ್ನು ದಾಟಿ ಹೋಗುವ ಧೈರ್ಯ ಮಾತ್ರ ಇರಲಿಲ್ಲ.

“ಡಾಕ್ಟ್ರೇ, ನಿಮ್ಮ ಮನೇಲಿ ಬಕೆಟ್ ಇದೆಯಾ?”

“ಬಕೆಟಾ? ಉಂಟು. ಯಾಕೆ?”

“ಅದನ್ನ ಕಾರಲ್ಲಿ ಹಾಕ್ಕೊಂಡು ಕ್ಲಾಂಗ್‌ಗೆ ಬನ್ನಿ. ಅದಕ್ಕೆ ಕೋರಂ ಬೇಡ” ಎಂದು ಫೋನಿಟ್ಟೆ.

ಅವರು ಬರಲಿಲ್ಲ. ಸಮಿತಿ ಹೊಸ ವರ್ಷದ ನಂತರ ಸೇರಿ ಆಪತ್ತನ್ನು ಘೋಷಿಸಿತು ಎಂದು ಆಮೇಲೆ ಕೇಳಿದೆ. ಆಗ ಹುಬ್ಬಳ್ಳಿಯವರು ಅವರ ಫೋನನ್ನೇ ಎತ್ತಲಿಲ್ಲವಂತೆ.

ಅಂದು ನಾನು, ನನ್ನ ಗಂಡ, ಮಗಳು ಹೋದೆವು. ರಸ್ತೆಯ ಎರಡೂ ಬದಿ ಸೋಫಾ, ಕಪಾಟು, ಮಕ್ಕಳ ಪುಸ್ತಕ ಎಲ್ಲ ಕೆಸರಿನಲ್ಲಿ ರಾಶಿ ಬಿದ್ದಿದ್ದವು. ಹುಬ್ಬಳ್ಳಿಯವರು ಮೊಣಕಾಲಿನವರೆಗೆ ಪ್ಯಾಂಟು ಮಡಚಿ ಬಾಗಿಲಲ್ಲಿ ನಿಂತಿದ್ದರು. ನಮ್ಮನ್ನು ನೋಡಿ ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು, ಒಳಗೆ ಬರಲು ದಾರಿ ಬಿಟ್ಟರು. ಪಕ್ಕದ ಮನೆಯ ಮಲಯ ಹೆಂಗಸು ಎಲ್ಲರಿಗೂ ತೆಂಗಿನಹಾಲಿನ ಅನ್ನದ ನಾಸಿ ಲೆಮಾಕ್ ಪೊಟ್ಟಣ ತಂದು ಹಂಚುತ್ತಿದ್ದಳು. “ಮಕಾನ್, ಮಕಾನ್”, ತಿನ್ನಿ ತಿನ್ನಿ, ಎಂದು ನಮ್ಮ ಕೈಗೂ ತುರುಕಿದಳು. ಮಗಳು ತಾನಾಗಿಯೇ ಮೂಲೆಯಲ್ಲಿದ್ದ ಪೊರಕೆ ಹುಡುಕಿಕೊಂಡಳು.

ಸಂಘದ ಸುದ್ದಿ ಯಾರೂ ಎತ್ತಲಿಲ್ಲ. ಹುಬ್ಬಳ್ಳಿಯವರ ಹೆಂಡತಿ ಒಳಗಿನಿಂದ ಕರೆದರು. ನೀರು ಕುಡಿದು ಹೆಣದಂತೆ ಭಾರವಾಗಿದ್ದ ಹಾಸಿಗೆಯನ್ನು ಒಬ್ಬರೇ ಎಳೆಯಲು ನೋಡುತ್ತಿದ್ದರು.

“ಅಕ್ಕಾರ, ಆ ಕಡಿ ಸ್ವಲ್ಪ ಹಿಡೀರಿ” ಎಂದರು. ನಾನು ಚಪ್ಪಲಿ ಬಿಟ್ಟು ಕೆಸರಿಗೆ ಇಳಿದೆ.